ಕೂರಿಗಿಯ ಬೆನ್ನು ಹತ್ತಿ ಗೂಗಲ್ ಹೊಟ್ಟೆಯೊಳಗೆ!

ಕುಂದಗೋಳ ತಾಲ್ಲೂಕಿನ ಗುಡಗೇರಿಯಲ್ಲಿ ಹಿಂಗಾರಿ ಬಿತ್ತನೆ ಹೊತ್ತಿಗೆ ಎರಿ ಹೊಲದಲ್ಲಿ ಯಾರನ್ನಾದರೂ ಕೇಳಿ ನೋಡಿ: ಕಡಲಿ, ಜೋಳ ಬಿತ್ತುವುದು ಯಾವುದರಿಂದ? ‘ಕೂರಿಗಿ’ ಅನ್ನುತ್ತಾರೆ. ಪುಸ್ತಕ ಬರೆಯುವವರು ‘ಕೂರಿಗೆ’ ಅಂತ ಬರೆಯುತ್ತಾರೆ. ನಮ್ಮ ಕಿವಿಗೆ ಎರಡೂ ಒಂದೇ. ಕಂಪ್ಯೂಟರಿಗೆ? ಸೋಜಿಗ ಶುರುವಾಗುವುದೇ ಇಲ್ಲಿ!

ಯಂತ್ರ ಅಕ್ಷರ ಓದುವುದಿಲ್ಲ, ಅಂಕಿ ಓದುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ‘ಕ’ ಅಂದರೆ 3221. ‘ಕೂರಿಗಿ’ ಅಂತ ಒತ್ತಿದರೆ ಒಳಗೆ ಹೋಗುವುದು 3221, 3266, 3248, 3263, 3223, 3263. ‘ಕೂರಿಗೆ’ ಅಂತ ಒತ್ತಿದರೆ ಎಲ್ಲ ಅವೇ, ಕೊನೆಯದು ಮಾತ್ರ 3270. ಎಲಾ! ನಾಲಿಗೆಯ ಒಂದು ಸಣ್ಣ ಹೊರಳು, ಯಂತ್ರದ ಪಾಲಿಗೆ ಎರಡು ಬೇರೆ ಪದ. ಸರ್ಚ್ ಎಂಜಿನ್‌ಗಳು ಇಂಥ ಅಂತರವನ್ನು ಊಹೆಯಿಂದ ತುಂಬಲು ನೋಡುತ್ತವೆ, ನಿಜ. ಆದರೆ ಆ ಊಹೆಗೆ ರಾಶಿ ರಾಶಿ ಬರಹ ಬೇಕು. ಇಂಗ್ಲಿಷಿನಲ್ಲಿ ಅದು ಬೇಕಾದಷ್ಟಿದೆ, ಕನ್ನಡದಲ್ಲಿ ಅಷ್ಟಿಲ್ಲ. ಗುಡಗೇರಿಯ ಮಗು ಮನೆಮಾತಿನಲ್ಲಿ ಹುಡುಕಿದರೆ, ಎಲ್ಲೋ ಇರುವ ಚಂದದ ಪಾಠ ಕೈಗೆ ಸಿಗದೇ ಹೋಗಬಹುದು.

ಈಗ ಬನ್ನಿ, ಶೈಕ್ಷಣಿಕ ಜಾಲತಾಣಗಳ ಮೂಲೆಯಲ್ಲಿ ಬಡಪಾಯಿಯಂತೆ ಕೂತಿರುವ ಪದಕೋಶದ ಪುಟಕ್ಕೆ. ಅಲ್ಲಿ ಒಂದು ನಮೂದು: ‘ಕೂರಿಗೆ. ಧಾರವಾಡದ ಕಡೆ ಕೂರಿಗಿ. ಬೀಜ ಬಿತ್ತುವ ಸಾಧನ. ಮೇಲೆ ಬೀಜ ಹಾಕುವ ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆಗಳು, ನೆಲ ಸೀಳುವ ತಾಳುಗಳು.’ ಇಷ್ಟೇ ಸಾಲು! ಆದರೆ ಹೊಲದವನ ಪದ, ಪುಸ್ತಕದವನ ಪದ, ಏನೂ ತಿಳಿಯದವನು ಒತ್ತಬಹುದಾದ ‘ಬೀಜ ಬಿತ್ತುವ ಸಾಧನ’, ಮೂರೂ ಒಂದೇ ವಿಳಾಸದಲ್ಲಿ. ಯಾವ ದಾರಿಯಿಂದ ಬಂದರೂ ಇಲ್ಲಿಗೇ ಬರಬೇಕು!

ಇನ್ನೂ ಒಳಗೆ ಇಳಿದರೆ ತಲೆ ತಿರುಗುತ್ತದೆ. ಸರ್ಚ್ ಎಂಜಿನ್ ನಾವು ಕೇಳಿದಾಗೆಲ್ಲ ಜಗತ್ತಿನ ಪುಟಗಳನ್ನು ತಿರುವಿ ಹಾಕುವುದಿಲ್ಲ. ಮೊದಲೇ ಪುಟಗಳನ್ನೆಲ್ಲ ಓದಿ ಒಂದು ಪಟ್ಟಿ ಕಟ್ಟಿಕೊಂಡಿರುತ್ತದೆ: ಈ ಪದ, ಅದು ಬರುವ ಪುಟಗಳು ಇವು. ಪುಸ್ತಕದ ಕೊನೆಯಲ್ಲಿ ಇರುತ್ತದಲ್ಲ ಪದಸೂಚಿ, ಅದೇ! ಇಷ್ಟು ದೊಡ್ಡ ಯಂತ್ರದ ಎದೆಯಲ್ಲಿ ಕೂತಿರುವುದು ಹಳೇ ಪದಸೂಚಿ! ಹಾಗಾಗಿ ಪದಕೋಶ ಅದಕ್ಕೆ ಹೊರಗಿನದಲ್ಲ, ರಕ್ತಸಂಬಂಧಿ.

ಇದರ ಜೊತೆಗೆ ಲಿಂಕ್‌ಗಳ ಮಹಿಮೆ. ಒಂದು ಪುಟಕ್ಕೆ ಎಷ್ಟು ಕಡೆಯಿಂದ, ಎಂಥ ಪುಟಗಳಿಂದ ಲಿಂಕ್ ಬರುತ್ತದೆ ಎಂಬುದರ ಮೇಲೆ ಅದರ ತೂಕ ಅಳೆಯಬಹುದು ಎಂದು 1998ರಲ್ಲಿ ತೋರಿಸಿದವರು ಸ್ಟ್ಯಾನ್‌ಫರ್ಡ್‌ನ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್. ಕೃಷಿ ಪಾಠದಲ್ಲಿ ‘ಕೂರಿಗೆ’ ಬಂದಲ್ಲೆಲ್ಲ ಪದಕೋಶಕ್ಕೆ ಲಿಂಕ್ ಕೊಡಿ, ಪದಕೋಶದಿಂದ ಪಾಠಕ್ಕೆ ಮರಳಿ ಲಿಂಕ್ ಕೊಡಿ. ಓದುವ ಮಗುವಿಗೂ ದಾರಿ, ಹುಡುಕುವ ಯಂತ್ರಕ್ಕೂ ದಾರಿ!

ಹೊಸ ವಿದ್ಯೆ ಅಂದುಕೊಂಡಿರಾ? ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟು ತೆರೆದು ನೋಡಿ. ಸುಮಾರು 70,000 ಪದಗಳು. ಒಂದೇ ಪದದ ನಾನಾ ರೂಪ, ಇದು ಮೈಸೂರು ಸೀಮೆಯ ಮಾತು, ಇದು ನಮ್ಮ ಧಾರವಾಡ ಸೀಮೆಯ ಮಾತು ಎಂಬ ಗುರುತು, ‘ಆ ಪದ ನೋಡಿ’ ಎಂಬ ಕೈಸನ್ನೆ. ಇಂದಿನ ಜಾಲತಾಣದವರು ಟ್ಯಾಗ್, ಲಿಂಕ್ ಅನ್ನುವುದೆಲ್ಲ ಸೀಸದ ಅಚ್ಚಿನಲ್ಲೇ ಇತ್ತು!

ಇವತ್ತಿನ ಅದ್ಭುತ ಬೇಕೇ? ವಿ. ಕೃಷ್ಣ ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಲ್ಲಿ 2019ರಲ್ಲಿ ಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, ಪದಪದಕ್ಕೂ ಸ್ವಂತ ವಿಳಾಸ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ದತ್ತಾಂಶ!

ಹಾಗಂತ ಎಲ್ಲೆಲ್ಲಿಂದಲೋ ಎತ್ತಿ ತಂದು ಸಾವಿರ ಪುಟ ತುಂಬಿಸಿದರೆ ನಡೆಯದು. 2011ರಲ್ಲಿ ‘ಪಾಂಡಾ’ ಎಂಬ ಮಾರ್ಪಾಟಿನಿಂದ ಗೂಗಲ್ ಹುರುಳಿಲ್ಲದ ತೆಳು ಪುಟಗಳನ್ನು ಕೆಳಕ್ಕೆ ತಳ್ಳಿತು. ಬೇಕಾದದ್ದು ಬೇರೆಲ್ಲೂ ಸಿಗದ ಒಂದು ಸಂಗತಿ, ಒಂದು ಫೋಟೋ, ಒಂದು ಬಳಕೆಯ ವಾಕ್ಯ.

ಅದು ಯಾರ ಹತ್ತಿರ ಇದೆ ಹೇಳಿ? ರಂಟಿಗೂ ಕುಂಟಿಗೂ ಏನು ಫರಕು, ಎಡಿ ಹೊಡೆಯುವುದು ಯಾವ ಹದಕ್ಕೆ, ಅಕ್ಕಡಿ ಸಾಲಿನಲ್ಲಿ ಏನು ಹಾಕಬೇಕು ಎಂಬುದು ಜಾಲತಾಣಗಳನ್ನು ಹುಡುಕಾಟದಲ್ಲಿ ಮೇಲಕ್ಕೆ ತರುವ ಬೆಂಗಳೂರಿನ ಎಸ್‌ಇಒ ಕಂಪನಿಗೆ ಗೊತ್ತಿಲ್ಲ, ಗುಡಗೇರಿಯ ಅಜ್ಜನಿಗೆ ಗೊತ್ತು. ಕಿಕ್ಕಿರಿದ ಇಂಗ್ಲಿಷ್ ಜಾಲದಲ್ಲಿ ಮೊದಲ ಸಾಲಿಗೆ ಬರಲು ಜನ ಹಣ ಸುರಿಯುತ್ತಾರೆ. ಈ ಪದಗಳಿಗೆ ಕನ್ನಡದಲ್ಲಿ ಮೊದಲ ಸಾಲು ಹೆಚ್ಚುಕಡಿಮೆ ಖಾಲಿ! ಒಬ್ಬ ಮೇಷ್ಟ್ರು, ನಾಲ್ಕು ಮಕ್ಕಳು, ಒಂದು ಮೊಬೈಲ್ ಇದ್ದರೆ ಅಲ್ಲಿ ಕೂರುವುದು ಊರಿನದೇ ಪದ, ಊರಿನದೇ ಅರ್ಥ.