ಕಡಲಕುದುರೆಯ ಆಸೆ, ಖಲಿಸಾ ಮೀನಿನ ತೊಟ್ಟಿ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸವು ಪಟ್ಟಣಗಳನ್ನು ದಾಟಿ ಹಳ್ಳಿಯ ಮನೆಗಳಿಗೂ ಬಂದಿದೆ. ಪರೀಕ್ಷೆ ಮುಗಿದರೂ ಕ್ರಿಸ್ಮಸ್ ಸಮೀಪಿಸಿದರೂ ಮಕ್ಕಳ ಬೇಡಿಕೆ ಅದೇ. ಟಿ.ವಿ.ಯಲ್ಲಿ ಕಡಲಕುದುರೆಯನ್ನು ಕಂಡ ಮಗು ಅದೇ ಬೇಕೆಂದು ಹಟ ಹಿಡಿದರೆ ತಂದೆತಾಯಿಯರು ಏನು ಹೇಳಬೇಕು?

ಮೊದಲ ಉತ್ತರ ಕಾನೂನಿನದು. 2001ರಲ್ಲಿ ಭಾರತ ಸರಕಾರವು ಕಡಲಕುದುರೆಯನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿಗೂ ಅದೇ ಪಟ್ಟಿಯ ರಕ್ಷಣೆ. ನಮ್ಮ ಕಡಲಿನಿಂದ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಒಣಗಿಸಿದ ಕಡಲಕುದುರೆಗೆ ಪೂರ್ವ ಏಷ್ಯಾದ ಔಷಧ ಪೇಟೆಯಲ್ಲಿ ಬೇಡಿಕೆಯಿರುವುದರಿಂದ, 2004ರಿಂದ ದೇಶದೇಶಗಳ ನಡುವಿನ ವ್ಯಾಪಾರವೂ ಸೈಟಿಸ್ ಒಪ್ಪಂದದ ಹಿಡಿತಕ್ಕೆ ಬಂದಿದೆ. ಯಾರಾದರೂ ಗುಟ್ಟಾಗಿ ತಂದುಕೊಡುತ್ತೇನೆಂದರೆ ಬೇಡವೆನ್ನುವುದೇ ಸರಿ.

ಎರಡನೆಯ ಉತ್ತರ ಆ ಜೀವಿಯ ದೇಹರಚನೆಯಲ್ಲಿಯೇ ಇದೆ. ಕಡಲಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ಚಿಕ್ಕ ಸಿಗಡಿಗಳನ್ನು ಕೊಳವೆಯಂಥ ಮೂತಿಯಿಂದ ಹೀರಿಕೊಂಡು ದಿನಕ್ಕೆ ಹಲವು ಬಾರಿ ತಿನ್ನಬೇಕು. ಈಜು ಬಲು ನಿಧಾನ. ಬಾಲವನ್ನು ಸಸ್ಯಕ್ಕೆ ಸುತ್ತಿ, ಆಹಾರ ಎದುರಿಗೆ ಬರಲೆಂದು ಕಾಯುತ್ತದೆ. ಚುರುಕಾದ ಮೀನುಗಳನ್ನು ಜೊತೆಗೆ ಬಿಟ್ಟರೆ ಊಟವೆಲ್ಲ ಅವುಗಳ ಪಾಲಾಗಿ, ಕುದುರೆಯು ತುಂಬಿದ ತೊಟ್ಟಿಯಲ್ಲೇ ಹಸಿದು ಸಾಯುತ್ತದೆ. ಏಡಿ ಚಿವುಟುತ್ತದೆ, ಕಡಲಹೂವು ಕುಟುಕುತ್ತದೆ. ಆದ್ದರಿಂದ ವಿದೇಶಗಳಲ್ಲಿ ಸಾಕಣೆ ಕೇಂದ್ರದ ಮರಿಗಳನ್ನು ತಂದು ಸಾಕುವವರು ಅದರೊಡನೆ ಬಸವನಹುಳು, ಸಣ್ಣ ಗೋಬಿ ಮೀನುಗಳಂಥ ಸಾಧುಜೀವಿಗಳನ್ನಷ್ಟೇ ಇಡುತ್ತಾರೆ. ಎತ್ತರದ ತೊಟ್ಟಿ, ಉಪ್ಪುನೀರು, ಬಾಲ ಸುತ್ತಲು ಆಸರೆ, ಪಂಪಿನ ಬಾಯಿಗೆ ಸ್ಪಂಜು, ಸುಮಾರು 22ರಿಂದ 25 ಡಿಗ್ರಿಯ ತಂಪು, ಇಷ್ಟೆಲ್ಲ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಆ ತಂಪನ್ನು ಕಾಯುವುದೇ ದೊಡ್ಡ ಖರ್ಚಿನ ಮಾತು.

ಆದರೆ ಇದರಲ್ಲಿರುವ ಸೂತ್ರವು ಎಲ್ಲ ತೊಟ್ಟಿಗಳಿಗೂ ಸಲ್ಲುತ್ತದೆ: ಎಲ್ಲಕ್ಕಿಂತ ನಿಧಾನವಾಗಿ ಉಣ್ಣುವ ಮೀನನ್ನು ನೋಡಿ ಉಳಿದವನ್ನು ಆರಿಸಬೇಕು. ಅಂಗಡಿಗಳಲ್ಲಿ ಬಣ್ಣ ನೋಡಿ ಆರಿಸುವವರೇ ಹೆಚ್ಚು!

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ನ ಮನೆಗಳಿಗೆ ಇದಕ್ಕೆ ಸೊಗಸಾದ ಪರ್ಯಾಯವೊಂದಿದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ನೆಲೆಗೊಂಡ ಈ ಊರಿನ ಹಿರಿಯರಿಗೆ ಮೀನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಂಗಾಳದ ಕೆರೆಕುಂಟೆಗಳ ಲಾಲ್ ಖಲಿಸಾ ಎಂಬ ಮೀನೇ ಅಂಗಡಿಗಳಲ್ಲಿ ‘ಡ್ವಾರ್ಫ್ ಗೌರಾಮಿ’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ನೀರು ಬೆಚ್ಚಗಾದಂತೆ ಅದರಲ್ಲಿನ ಆಮ್ಲಜನಕ ಕುಗ್ಗುವುದಷ್ಟೆ; ಖಲಿಸಾ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಹಾಗೆಂದು ಬಿಸಿಲಿನಲ್ಲಿಡಬಾರದು. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ, ಎತ್ತರದ ತೊಟ್ಟಿಯಲ್ಲಿ ಒಂದು ಜೋಡಿ ಸಾಕು. ಎರಡು ಗಂಡುಗಳನ್ನಿಟ್ಟರೆ ಜಗಳ ತಪ್ಪದು. ಅವುಗಳೊಡನೆ ಸಣ್ಣ ರಾಸ್‌ಬೋರಾ ಮೀನುಗಳು ಹೊಂದುತ್ತವೆ. ಟೈಗರ್ ಬಾರ್ಬ್ ಬೇಡ. ಅದು ಖಲಿಸಾದ ನೂಲಿನಂಥ ರೆಕ್ಕೆಗಳನ್ನು ಕಚ್ಚುತ್ತದೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ತುಂಗಭದ್ರಾ ಎಡದಂಡೆ ಕಾಲುವೆಯು ಈ ಸೀಮೆಗೆ ಅನ್ನ ಕೊಟ್ಟಿದೆ. ಆದರೆ ಭತ್ತದ ಗದ್ದೆಗೆ ಹೊಡೆದ ಕೀಟನಾಶಕವು ಬಸಿದು ಸೇರಿದ ನೀರು ಮೀನಿಗೆ ವಿಷ. ನಲ್ಲಿ ನೀರಾದರೆ ಕ್ಲೋರಿನ್ ಕಳೆಯಬೇಕು. ಹೊಸ ತೊಟ್ಟಿಯನ್ನು ಶೋಧಕದೊಂದಿಗೆ ನಾಲ್ಕರಿಂದ ಆರು ವಾರ ನಡೆಸಿ, ಮೀನಿನ ಮಲಿನದಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆದ ಬಳಿಕವೇ ಮೀನು ತರುವುದು ಲೇಸು. ಮಕ್ಕಳಿಗೆ ಈ ಕಾಯುವಿಕೆಯೇ ಕಠಿಣ. ಸಾಕು ಬೇಡವಾದರೆ ಮೀನನ್ನು ಕಾಲುವೆಗೆ ಬಿಡದೆ, ಸಾಕುವ ಮತ್ತೊಂದು ಮನೆಗೆ ಕೊಡಿರಿ.

ಕಡಲಕುದುರೆಯ ಗಂಡು ಮೊಟ್ಟೆಗಳನ್ನು ತನ್ನ ಚೀಲದಲ್ಲಿ ಹೊರುತ್ತದೆಂದು ಮಕ್ಕಳು ಬೆರಗಾಗುತ್ತಾರೆ. ಖಲಿಸಾದ ಗಂಡೂ ಕಡಿಮೆಯದಲ್ಲ. ನೀರಿನ ಮೇಲೆ ನೊರೆಯ ಗೂಡು ಕಟ್ಟಿ, ಮೊಟ್ಟೆಗಳು ಕೆಳಗೆ ಜಾರಿದರೆ ಬಾಯಿಂದೆತ್ತಿ ಗೂಡಿಗೆ ಸೇರಿಸಿ ಕಾಯುತ್ತದೆ. ಆ ದಿನಗಳಲ್ಲಿ ಹೆಣ್ಣನ್ನು ಅಟ್ಟಾಡಿಸುವುದರಿಂದ ಅದಕ್ಕೆ ಅಡಗಲು ದಟ್ಟವಾದ ಗಿಡಗಳಿರಬೇಕು. ನೊರೆ ಒಡೆಯದಂತೆ ಪಂಪಿನ ವೇಗವನ್ನೂ ತಗ್ಗಿಸಬೇಕು.