ಹಳೆ ಕಾರಿನಲ್ಲಿ ಆರದ ‘ಚೆಕ್ ಇಂಜಿನ್’ ಲೈಟ್: ಪಾರ್ಟ್ಸ್ ಬದಲಿಸುವ ಮೊದಲು ಪರೀಕ್ಷೆ ಆಗಲಿ

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು ಕರ್ನಾಟಕದ ಗಡಿಗೆ ಹತ್ತಿರದ ಊರುಗಳು. ಬೀದರ್, ಚಿಂಚೋಳಿ, ಸೇಡಂ ಕಡೆಯವರಿಗೆ ಇವು ನೆರೆಮನೆ ಇದ್ದ ಹಾಗೆ. ಸಂತೆ, ಮದುವೆ, ಆಸ್ಪತ್ರೆ, ವ್ಯಾಪಾರ ಎಂದು ಎರಡೂ ಕಡೆಯ ಜನ ದಿನಾ ಗಡಿ ದಾಟುತ್ತಾರೆ. ಇಂಥ ಕಡೆ ಹೊಸ ಕಾರಿಗಿಂತ ಸೆಕೆಂಡ್ ಹ್ಯಾಂಡ್ ಕಾರೇ ಮಧ್ಯಮ ವರ್ಗದ ಆಸರೆ. ಹೈದರಾಬಾದ್‌ನಲ್ಲಿ ಏಳೆಂಟು ವರ್ಷ ಓಡಿದ ಕಾರು ಇಲ್ಲಿಗೆ ಬಂದು ಇನ್ನೂ ಏಳೆಂಟು ವರ್ಷ ಓಡುತ್ತದೆ.

ಅಂಥ ಕಾರುಗಳಲ್ಲಿ ಎದುರಾಗುವ ಒಂದು ದೊಡ್ಡ ತಲೆನೋವು ಡ್ಯಾಶ್‌ಬೋರ್ಡ್‌ನ ಹಳದಿ ಬಣ್ಣದ ‘ಚೆಕ್ ಇಂಜಿನ್’ ಲೈಟ್. ಒಮ್ಮೆ ಹತ್ತಿದರೆ ಆರುವುದಿಲ್ಲ. ಗ್ಯಾರೇಜ್‌ನಲ್ಲಿ ಆರಿಸಿ ಕೊಟ್ಟರೂ ನಾಲ್ಕು ದಿನಕ್ಕೆ ಮತ್ತೆ ಹತ್ತುತ್ತದೆ. “ಭಾಯ್, ಗಾಡಿ ಓಡ್ತಾ ಇದೆಯಲ್ಲ, ಲೈಟ್ ಮಾತ್ರ ಆಫ್ ಮಾಡಿ ಕೊಡಿ” ಎನ್ನುವವರು ಒಂದು ಕಡೆ. ಹೇಳಿದ ಪಾರ್ಟ್ಸ್ ಎಲ್ಲ ಹಾಕಿಸಿ ಸಾವಿರಾರು ರೂಪಾಯಿ ಕಳಕೊಂಡವರು ಇನ್ನೊಂದು ಕಡೆ. ಇಬ್ಬರಿಗೂ ನಷ್ಟವೇ. ಈ ಲೈಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಗಾಡಿಯೂ ಉಳಿಯುತ್ತದೆ.

ಲೈಟ್ ಹತ್ತುವುದು ಯಾಕೆ?

ಇಂಜಿನ್‌ಗೆ ಎಷ್ಟು ಗಾಳಿ ಹೋಗುತ್ತಿದೆ, ಎಷ್ಟು ಪೆಟ್ರೋಲ್ ಬೇಕು, ಹೊಗೆ ಹೇಗಿದೆ ಎಂದು ನೋಡುವ ಸಣ್ಣ ಕಂಪ್ಯೂಟರ್ ಕಾರಿನಲ್ಲಿದೆ. ಅದನ್ನು ಇಸಿಎಂ ಅಥವಾ ಇಸಿಯು ಎನ್ನುತ್ತಾರೆ. ಸೆನ್ಸರ್‌ಗಳು ಕೊಡುವ ಲೆಕ್ಕ ತಾಳೆಯಾಗದಿದ್ದರೆ ಅದು ಒಂದು ಕೋಡ್ ಬರೆದಿಟ್ಟುಕೊಂಡು ಲೈಟ್ ಹತ್ತಿಸುತ್ತದೆ. ಈ ವ್ಯವಸ್ಥೆಗೆ ಓಬಿಡಿ ಎಂದು ಹೆಸರು. ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ ಓಬಿಡಿ-2 ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿ-1, 2013ರ ಏಪ್ರಿಲ್‌ನಿಂದ ಓಬಿಡಿ-2 ಬಂತು.

ಈ ಗಡಿ ಭಾಗದಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಹೈದರಾಬಾದ್‌ನಂಥ ದೊಡ್ಡ ನಗರಗಳಿಗೆ ಬಿಎಸ್-4 ಬಂದದ್ದು 2010ರಲ್ಲಿ. ಇಡೀ ದೇಶಕ್ಕೆ ಅದು ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ. ಹಾಗಾಗಿ ನೋಡಲು ಒಂದೇ ಥರ ಇರುವ ಎರಡು 2012ರ ಕಾರುಗಳಲ್ಲಿ ಒಂದು ಬಿಎಸ್-4, ಇನ್ನೊಂದು ಬಿಎಸ್-3 ಇರಬಹುದು. ಒಂದರಲ್ಲಿ ಸ್ಕ್ಯಾನರ್ ಎಲ್ಲವನ್ನೂ ಓದುತ್ತದೆ, ಇನ್ನೊಂದರಲ್ಲಿ ಸ್ವಲ್ಪವೇ ಓದುತ್ತದೆ. ಸ್ಕ್ಯಾನರ್ ಹಾಳಾಗಿದೆ ಎಂದುಕೊಳ್ಳುವ ಮೊದಲು ಆರ್‌ಸಿಯಲ್ಲಿ ಯಾವ ಬಿಎಸ್ ಎಂದು ನೋಡಿ.

ಮಿನುಗಿದರೆ ನಿಲ್ಲಿಸಿ

ಲೈಟ್ ಸುಮ್ಮನೆ ಉರಿಯುತ್ತಿದ್ದು, ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತನಕ ಹೋಗಬಹುದು. ಆದರೆ ಲೈಟ್ ಮಿನುಗುತ್ತಿದ್ದರೆ, ಜತೆಗೆ ಇಂಜಿನ್ ಜರ್ಕ್ ಹೊಡೆಯುತ್ತಿದ್ದರೆ, ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅತಿಯಾದ ಬಿಸಿಗೆ ಕನ್ವರ್ಟರ್ ಒಳಗೇ ಕರಗುತ್ತದೆ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳಿರುವುದರಿಂದ ಅದರ ಬೆಲೆ ಹಳೆ ಕಾರಿನವರಿಗೆ ದೊಡ್ಡ ಹೊಡೆತ. ಒಂದು ಸ್ಪಾರ್ಕ್ ಪ್ಲಗ್‌ನ ಕೆಲಸವನ್ನು ಮುಂದೂಡಿ ಕನ್ವರ್ಟರ್ ಕಳಕೊಳ್ಳುವುದು ಹೀಗೇ.

ಕೆಂಪು ಬಣ್ಣದ ಆಯಿಲ್ ಅಥವಾ ಟೆಂಪರೇಚರ್ ಲೈಟ್ ಹತ್ತಿದರೆ ಯೋಚನೆಯೇ ಬೇಡ. ಸುರಕ್ಷಿತ ಜಾಗದಲ್ಲಿ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ.

ಕೋಡ್ ಹೇಳುವುದು ದೂರು, ತೀರ್ಪಲ್ಲ

ಎಲ್ಲರೂ ಎಡವುವುದು ಇಲ್ಲೇ. ಸ್ಟೇರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ‘ಪಿ 0171’, ‘ಪಿ 0302’, ‘ಪಿ 0420’ ಎಂದೆಲ್ಲ ಕೋಡ್ ಬರುತ್ತದೆ. ಈಗ ಮೊಬೈಲ್‌ಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಸಣ್ಣ ಸ್ಕ್ಯಾನರ್ ಕೂಡ ಸಿಗುತ್ತದೆ. ಆದರೆ ಕೋಡ್ ಯಾವ ಪಾರ್ಟ್ ಹಾಳಾಗಿದೆ ಎಂದು ಹೇಳುವುದಿಲ್ಲ. ಯಾವ ಲೆಕ್ಕ ತಾಳೆಯಾಗಿಲ್ಲ ಎಂದು ಮಾತ್ರ ಹೇಳುತ್ತದೆ. ಅಂಗಡಿಯ ದಿನದ ಲೆಕ್ಕದಲ್ಲಿ 500 ರೂಪಾಯಿ ಕಡಿಮೆ ಬಂದರೆ ತಪ್ಪು ಬಿಲ್‌ನಲ್ಲಿದೆಯೋ, ಗಲ್ಲಾದಲ್ಲಿದೆಯೋ, ಕೂಡಿಸಿದ್ದರಲ್ಲಿದೆಯೋ ಹುಡುಕಬೇಕಲ್ಲ, ಇದೂ ಹಾಗೆಯೇ.

‘ಪಿ 0420’ ತೆಗೆದುಕೊಳ್ಳಿ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ನೋಡಿದ ಕೂಡಲೇ “ಕನ್ವರ್ಟರ್ ಹೋಗಿದೆ” ಎನ್ನುವವರಿದ್ದಾರೆ. ಆದರೆ ಸೈಲೆನ್ಸರ್ ಪೈಪ್‌ನಲ್ಲಿ ಸಣ್ಣ ಲೀಕ್ ಇದ್ದರೂ, ಹಿಂದಿನ ಆಕ್ಸಿಜನ್ ಸೆನ್ಸರ್ ಸುಸ್ತಾಗಿದ್ದರೂ ಇದೇ ಕೋಡ್ ಬರಬಹುದು. ಇನ್ನು ಕನ್ವರ್ಟರ್ ನಿಜಕ್ಕೂ ಹೋಗಿದ್ದರೆ ಅದನ್ನು ಹಾಳು ಮಾಡಿದ್ದು ಏನು ಎಂದು ಹುಡುಕಬೇಕು. ಮಿಸ್‌ಫೈರ್ ಅಥವಾ ಇಂಜಿನ್ ಆಯಿಲ್ ಉರಿಯುವುದು ಹಾಗೇ ಉಳಿದರೆ ಹೊಸ ಕನ್ವರ್ಟರ್ ಕೂಡ ಹಾಳಾಗುತ್ತದೆ.

ಕಡಿಮೆ ಖರ್ಚಿನ ಪರೀಕ್ಷೆ ಮೊದಲು

ಮೊದಲು ಕೋಡ್ ಬರೆದಿಟ್ಟುಕೊಳ್ಳಿ, ಅಥವಾ ಸ್ಕ್ರೀನ್‌ನ ಫೋಟೋ ತೆಗೆಯಿರಿ. ಜತೆಗೆ ‘ಫ್ರೀಜ್ ಫ್ರೇಮ್’ ಕೂಡ ನೋಡಿಸಿ. ಕೋಡ್ ಬಿದ್ದ ಹೊತ್ತಿನಲ್ಲಿ ಸ್ಪೀಡ್ ಎಷ್ಟು, ಇಂಜಿನ್ ಬಿಸಿ ಎಷ್ಟು, ಲೋಡ್ ಎಷ್ಟು ಎಂಬುದು ಅದರಲ್ಲಿರುತ್ತದೆ. ಬ್ಯಾಟರಿ ವೈರ್ ತೆಗೆದು ಹಾಕಿದರೆ ಅಥವಾ ಕೋಡ್ ಅಳಿಸಿದರೆ ಈ ಸಾಕ್ಷಿ ಹೋಗುತ್ತದೆ, ರೋಗ ಹೋಗುವುದಿಲ್ಲ.

ಎರಡನೆಯದು ಬ್ಯಾಟರಿ. ರಾತ್ರಿ ನಿಂತ ಕಾರಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಕರೆಂಟ್ ಸರಿ ಇಲ್ಲದಿದ್ದರೆ ಒಳ್ಳೆಯ ಸೆನ್ಸರ್‌ಗಳೂ ತಪ್ಪು ಲೆಕ್ಕ ಕೊಡುತ್ತವೆ. ಬ್ಯಾಟರಿ ಟರ್ಮಿನಲ್, ಅರ್ತ್ ವೈರ್, ಫ್ಯೂಸ್ ನೋಡಲು ಹೆಚ್ಚು ಖರ್ಚಿಲ್ಲ.

ಮೂರನೆಯದು ಕಣ್ಣಿಗೆ ಕಾಣುವ ತಪಾಸಣೆ. ಏರ್ ಫಿಲ್ಟರ್, ಬಿರುಕು ಬಿಟ್ಟ ರಬ್ಬರ್ ಹೋಸ್, ಸಡಿಲವಾದ ಕ್ಲಿಪ್, ಇಲಿ ಕಡಿದ ವೈರ್, ಸೆನ್ಸರ್ ಸಾಕೆಟ್‌ನ ಒಳಗಿನ ಹಸಿರು ಕಿಲುಬು. ಇಂಟರ್‌ನೆಟ್ ವಿಡಿಯೋಗಳಲ್ಲಿ “ಪೆಟ್ರೋಲ್ ಟ್ಯಾಂಕ್ ಮುಚ್ಚಳ ಬಿಗಿ ಮಾಡಿ, ಲೈಟ್ ಹೋಗುತ್ತದೆ” ಎಂಬ ಸಲಹೆ ತುಂಬ ಇದೆ. ಅದು ಹೆಚ್ಚಾಗಿ ಅಮೆರಿಕದ ಕಾರುಗಳ ಮಾತು. ಟ್ಯಾಂಕ್ ಆವಿಯ ಲೀಕ್ ನೋಡುವ ಆ ಪರೀಕ್ಷೆ ನಮ್ಮ ಹಳೆ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮುಚ್ಚಳ ಬಿಗಿ ಮಾಡಿ, ತಪ್ಪಿಲ್ಲ. ಅಷ್ಟಕ್ಕೇ ನಿಲ್ಲಬೇಡಿ.

ನಾಲ್ಕನೆಯದು ಅದಲು ಬದಲು ಪರೀಕ್ಷೆ. ‘ಪಿ 0302’ ಎಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಪ್ರತಿ ಸಿಲಿಂಡರ್‌ಗೆ ಬೇರೆ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಎರಡನೆಯ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಬೇಕು. ಈಗ ಕೋಡ್ ‘ಪಿ 0303’ ಆದರೆ ಕಾಯಿಲ್‌ನದೇ ತಪ್ಪು. ಅಲ್ಲೇ ಉಳಿದರೆ ಕಾಯಿಲ್ ಚೆನ್ನಾಗಿದೆ, ಇನ್ನು ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ನೋಡಬೇಕು. ಒಂದು ರೂಪಾಯಿಯ ಪಾರ್ಟ್ ಕೊಳ್ಳದೆ ಉತ್ತರ ಸಿಕ್ಕಿತು.

ಐದನೆಯದು ‘ಲೈವ್ ಡೇಟಾ’. ‘ಪಿ 0171’ ಬಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ಇಸಿಎಂ ಎಷ್ಟು ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸುತ್ತಿದೆ ಎಂಬುದು ‘ಫ್ಯೂಯೆಲ್ ಟ್ರಿಮ್’ನಲ್ಲಿ ಕಾಣುತ್ತದೆ. ಐಡಲ್‌ನಲ್ಲಿ ಟ್ರಿಮ್ ಜಾಸ್ತಿ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಹೋಸ್ ಅಥವಾ ಗ್ಯಾಸ್ಕೆಟ್‌ನಲ್ಲಿ ಗಾಳಿ ಲೀಕ್ ಇರುವ ಸಾಧ್ಯತೆ ಹೆಚ್ಚು. ಐಡಲ್‌ನಲ್ಲಿ ಸರಿ ಇದ್ದು, ಲೋಡ್ ಬಿದ್ದಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಫ್ಯೂಯೆಲ್ ಫಿಲ್ಟರ್, ಪಂಪ್ ಪ್ರೆಶರ್ ನೋಡಬೇಕು. ಇಷ್ಟು ನೋಡದೆ ಆಕ್ಸಿಜನ್ ಸೆನ್ಸರ್ ಬದಲಿಸಿದರೆ ಪಾಪ, ನಿಜ ಹೇಳಿದವನಿಗೇ ಶಿಕ್ಷೆ ಕೊಟ್ಟ ಹಾಗೆ.

ಊರಿನ ಹವೆಗೆ ತಕ್ಕ ಕಾಯಿಲೆ

ಕರಾವಳಿಯಲ್ಲಿ ಉಪ್ಪುಗಾಳಿ ಮತ್ತು ಮಳೆಯಿಂದ ವೈರ್ ಸಾಕೆಟ್‌ಗಳಿಗೆ ಕಿಲುಬು ಹಿಡಿಯುತ್ತದೆ. ಈ ಗಡಿ ಭಾಗದಲ್ಲಿ ಶತ್ರು ಬೇರೆ. ತಾಂಡೂರು ಎಂದರೆ ಶಹಾಬಾದಿ ಕಲ್ಲಿನಂಥ ಹಾಸುಗಲ್ಲು, ಪಾಲಿಶಿಂಗ್ ಘಟಕ, ಸಿಮೆಂಟ್ ಫ್ಯಾಕ್ಟರಿ, ಸಾಲು ಸಾಲು ಲಾರಿ. ಆ ಧೂಳಿನಲ್ಲಿ ಏರ್ ಫಿಲ್ಟರ್ ಕಂಪೆನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗಿಂತ ಬೇಗ ಕಟ್ಟುತ್ತದೆ. ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಮೇಲೆ ಧೂಳು ಕೂತರೆ ಲೆಕ್ಕವೇ ತಪ್ಪುತ್ತದೆ. ಹೆಚ್ಚಾಗಿ ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆದರೆ ಸಾಕು.

ತೊಗರಿ ಬೆಳೆಯುವ ಸೀಮೆ ಇದು. ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಧಾನ್ಯದ ಗೋದಾಮಿನ ಬದಿಯಲ್ಲಿ ನಿಲ್ಲಿಸಿದ ಕಾರಿನ ಬಾನೆಟ್ ಒಳಗೆ ಇಲಿ ಸೇರುವುದು ಹೊಸ ವಿಷಯವಲ್ಲ. ನಾರಾಯಣಖೇಡ್‌ನ ಒಳ ರಸ್ತೆಗಳಲ್ಲಿ ಡೀಸೆಲ್ ಕಾರನ್ನು ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಇನ್ನೊಂದು ತೊಂದರೆ. ಇಂಜಿನ್ ಪೂರ್ತಿ ಬಿಸಿಯಾಗದೆ ಇಜಿಆರ್ ವಾಲ್ವ್‌ಗೆ ಮಸಿ ಕಟ್ಟುತ್ತದೆ, ‘ಪಿ 0401’ ಕೋಡ್ ಬೀಳುತ್ತದೆ. ತೆಗೆದು ಶುಚಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಜಹೀರಾಬಾದ್ ಮೂಲಕ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉದ್ದ ಓಡುವವರಿಗೆ ಈ ಕಾಟ ಕಡಿಮೆ.

ಇನ್ನು ಪೆಟ್ರೋಲ್. 2025ರಲ್ಲಿ ದೇಶ ಶೇ. 20 ಎಥೆನಾಲ್ ಬೆರಕೆಯ ಗುರಿ ಮುಟ್ಟಿತು. ಎಥೆನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಬೆರಕೆ ಶೇ. 10ರಿಂದ 20ಕ್ಕೆ ಏರಿದಾಗ ಅದೇ ಗಾಳಿಗೆ ಸುಮಾರು ಶೇ. 4ರಷ್ಟು ಹೆಚ್ಚು ಇಂಧನ ಬೇಕು. ಆರೋಗ್ಯವಾಗಿರುವ ಕಾರು ಇದನ್ನು ತಾನೇ ಸರಿದೂಗಿಸುತ್ತದೆ. ಮೊದಲೇ ಗಾಳಿ ಲೀಕ್ ಅಥವಾ ಸುಸ್ತಾದ ಪಂಪ್ ಇರುವ ಹಳೆ ಕಾರಿನಲ್ಲಿ ಇಷ್ಟೇ ಸಾಕು, ಟ್ರಿಮ್ ಮಿತಿ ದಾಟಿ ಲೈಟ್ ಹತ್ತಬಹುದು. ಹಾಗೆಂದು ಎಲ್ಲದಕ್ಕೂ ಪೆಟ್ರೋಲ್ ಮೇಲೆ ಹಾಕಿ ಕೈತೊಳೆದುಕೊಳ್ಳುವುದೂ ಸರಿಯಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಈಗ ಚೆಕ್ ಇಂಜಿನ್ ಲೈಟ್ ಹತ್ತಲೇಬೇಕು. ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಮೊದಲೇ ಹತ್ತದಿದ್ದರೆ ಬಲ್ಬ್ ಹೋಗಿರಬಹುದು, ಯಾರೋ ಬೇಕೆಂದೇ ತೆಗೆದಿರಬಹುದು, ಮೇಲೆ ಟೇಪ್ ಅಂಟಿಸಿರಲೂಬಹುದು.

ಓಬಿಡಿ-2 ಕಾರಾದರೆ ಸ್ಕ್ಯಾನರ್‌ನಲ್ಲಿ ‘ರೆಡಿನೆಸ್’ ನೋಡಿಸಿ. ಕೋಡ್ ಅಳಿಸಿದ ಮೇಲೆ ಇಸಿಎಂ ತನ್ನ ಪರೀಕ್ಷೆಗಳನ್ನು ಮೊದಲಿನಿಂದ ಮಾಡಬೇಕು, ಅದಕ್ಕೆ ಹಲವು ಟ್ರಿಪ್ ಬೇಕು. ‘ನಾಟ್ ರೆಡಿ’ ಎಂದು ಬಹಳಷ್ಟು ಬಂದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಯಾಕೆ ಎಂದು ಮಾರುವವರನ್ನು ಕೇಳಿ. ಸಮಾಧಾನದ ಉತ್ತರ ಬರದಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಒಂದು ವಾರ ಕಾಯುವುದು ಲೇಸು. ಮಾರುವವರೂ ಅಷ್ಟೆ. ಐಬು ಮುಚ್ಚಿ ಮಾರಿದ ಕಾರು ರಾತ್ರಿ ಹೆಂಗಸರು ಮಕ್ಕಳೊಂದಿಗೆ ಹೆದ್ದಾರಿಯಲ್ಲಿ ನಿಂತರೆ ಅದರ ಹೊಣೆ ಯಾರದು? ತೊಂದರೆ ಹೇಳಿ, ಅದಕ್ಕೆ ತಕ್ಕ ಬೆಲೆ ಇಳಿಸಿ ಮಾರುವುದೇ ನ್ಯಾಯ.

ಗ್ಯಾರೇಜ್‌ನಲ್ಲಿ ಕೇಳಬೇಕಾದ್ದು

ಒಳ್ಳೆಯ ಮೆಕ್ಯಾನಿಕ್ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. “ಉಸ್ತಾದ್, ಕೋಡ್ ಯಾವುದು? ಈ ಪಾರ್ಟೇ ಹೋಗಿದೆ ಎಂದು ಯಾವ ಟೆಸ್ಟ್‌ನಲ್ಲಿ ಗೊತ್ತಾಯಿತು? ಇದನ್ನು ಹಾಕಿದ ಮೇಲೂ ಲೈಟ್ ಬಂದರೆ ಮುಂದೇನು?” ಎಂದು ಮರ್ಯಾದೆಯಿಂದ ಕೇಳಿ. ಪರೀಕ್ಷೆಗೆ ಕೂಲಿ ಕೇಳಿದರೆ ಚೌಕಾಸಿ ಮಾಡಬೇಡಿ. ಪಾರ್ಟ್ಸ್‌ಗೆ ಸಾವಿರಗಟ್ಟಲೆ ಕೊಡುವವರು ಒಂದು ಗಂಟೆಯ ಪರೀಕ್ಷೆಗೆ 300 ರೂಪಾಯಿ ಕೊಡಲು ಹಿಂದೆಮುಂದೆ ನೋಡುವುದರಿಂದಲೇ ಅಂದಾಜಿನ ರಿಪೇರಿ ಹೆಚ್ಚುತ್ತದೆ. ಬದಲಿಸಿದ ಹಳೆ ಪಾರ್ಟ್ ವಾಪಸ್ ಪಡೆಯಿರಿ, ಬಿಲ್ ತೆಗೆದುಕೊಳ್ಳಿ, ಕೋಡ್ ಮತ್ತು ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ರಿಪೇರಿ ಸರಿಯಾಗಿದ್ದರೆ ಸಾಮಾನ್ಯವಾಗಿ ಮೂರು ಟ್ರಿಪ್‌ಗಳಲ್ಲಿ ತಪ್ಪು ಮತ್ತೆ ಕಾಣದಿದ್ದಾಗ ಲೈಟ್ ತಾನಾಗಿಯೇ ಆರುತ್ತದೆ. ಕೋಡ್ ಅಳಿಸಿದ್ದರೂ ಒಂದು ವಾರ ದಿನನಿತ್ಯದ ದಾರಿಯಲ್ಲೇ ಓಡಿಸಿ, ರೆಡಿನೆಸ್ ಪೂರ್ತಿಯಾಗಿದೆಯೇ ಎಂದು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಆಮೇಲಷ್ಟೇ ಕೆಲಸ ಮುಗಿಯಿತು ಎನ್ನಬಹುದು.