ಠಾಣೆಯಿಂದ ಕಲ್ಯಾಣದಷ್ಟು ಅಗಲದ ನಕ್ಷತ್ರ

ಮಕ್ಕಳೇ, ಠಾಣೆಯಿಂದ ಕಲ್ಯಾಣಕ್ಕೆ ಲೋಕಲ್ ರೈಲಿನಲ್ಲಿ ಹೋಗಿದ್ದೀರಲ್ಲವೇ? ನಡುವೆ ಮುಂಬ್ರಾ, ದಿವಾ, ಡೊಂಬಿವಲಿ ನಿಲ್ದಾಣಗಳು. ಒಟ್ಟು ದೂರ ಸುಮಾರು 20 ಕಿಲೋಮೀಟರ್. ಅಷ್ಟೇ ಅಗಲದ ಒಂದು ಗೋಳದೊಳಗೆ ನಮ್ಮ ಸೂರ್ಯನಿಗಿಂತಲೂ ಹೆಚ್ಚು ದ್ರವ್ಯ ಅಡಗಿದೆ ಎಂದರೆ ನಂಬುವಿರಾ? ಆಕಾಶದಲ್ಲಿ ಅಂಥ ಗೋಳಗಳು ಬಹಳಷ್ಟಿವೆ. ಅವು ಅಳಿದ ನಕ್ಷತ್ರಗಳ ಅವಶೇಷಗಳು.

ನಕ್ಷತ್ರವು ತನ್ನ ಭಾರದಿಂದಲೇ ಒಳಕ್ಕೆ ಕುಸಿಯಲು ಹವಣಿಸುತ್ತಿರುತ್ತದೆ. ಒಡಲಿನ ಬೆಂಕಿ ಅದನ್ನು ತಡೆದು ನಿಲ್ಲಿಸುತ್ತದೆ. ಉರುವಲು ಮುಗಿದಾಗ ತಡೆ ಇಲ್ಲವಾಗುತ್ತದೆ. ಸೂರ್ಯನಂಥ ನಕ್ಷತ್ರವಾದರೆ ಹೊರಪದರಗಳು ಚದುರಿಹೋಗಿ, ಒಳಗಿನ ತಿರುಳು ಭೂಮಿಯಷ್ಟು ಗಾತ್ರಕ್ಕೆ ಕುಗ್ಗುತ್ತದೆ. ಅದೇ ಶ್ವೇತಕುಬ್ಜ. ಅದರ ಒಂದು ಚಮಚ ದ್ರವ್ಯ ಒಂದು ಆನೆಯಷ್ಟು ಭಾರ! ಚಳಿಗಾಲದ ರಾತ್ರಿ ನಗರದ ದೀಪಗಳ ನಡುವೆಯೂ ಥಳಥಳಿಸುವ ಲುಬ್ಧಕ ನಕ್ಷತ್ರದ ಜೊತೆಗಾರ ಇಂಥದೊಂದು ಶ್ವೇತಕುಬ್ಜ. ಆದರೆ ಅದು ಬರಿಗಣ್ಣಿಗೆ ಕಾಣದು.

ಅದು ಇನ್ನಷ್ಟು ಕುಗ್ಗುವುದಿಲ್ಲವೇಕೆ? ಬೆಳಗಿನ ಲೋಕಲ್‌ನಲ್ಲಿ ಮೂವರ ಆಸನದಲ್ಲಿ ನಾಲ್ಕನೆಯವರಿಗೂ ಸ್ವಲ್ಪ ಸರಿದು ಜಾಗ ಕೊಡುತ್ತೇವೆ. ಇಲೆಕ್ಟ್ರಾನ್‌ಗಳು ಅಷ್ಟು ಉದಾರಿಗಳಲ್ಲ; ಒಂದರ ಜಾಗದಲ್ಲಿ ಇನ್ನೊಂದು ಕೂರಲಾರದು. ಆ ಹಟವೇ ಶ್ವೇತಕುಬ್ಜವನ್ನು ಎತ್ತಿ ಹಿಡಿದಿದೆ. ಆದರೆ ಆ ಹಟಕ್ಕೂ ಒಂದು ಮಿತಿಯುಂಟು. 1930ರ ಜುಲೈ 31ರಂದು ಮುಂಬಯಿ ಬಂದರಿನಿಂದ ಇಂಗ್ಲೆಂಡಿನ ಓದಿಗಾಗಿ ಹಡಗು ಹತ್ತಿದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಆ ಸಮುದ್ರಯಾನದಲ್ಲೇ ಲೆಕ್ಕ ಹಾಕಿ ಇದನ್ನು ಕಂಡುಕೊಂಡರು. ಸೂರ್ಯನ ಸುಮಾರು 1.4 ಪಟ್ಟು ದ್ರವ್ಯಕ್ಕಿಂತ ಭಾರವಾದ ಶ್ವೇತಕುಬ್ಜ ನಿಲ್ಲಲಾರದು. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಹಿರಿಯ ವಿಜ್ಞಾನಿ ಎಡಿಂಗ್ಟನ್ ಅದನ್ನು ಹೀಗಳೆದರು. ಆದರೂ ಲೆಕ್ಕ ಸರಿಯಾಗಿಯೇ ಇತ್ತು. 1983ರಲ್ಲಿ ಚಂದ್ರಶೇಖರ್ ಅವರಿಗೆ ನೊಬೆಲ್ ಬಂತು.

ಭಾರೀ ನಕ್ಷತ್ರದ ತಿರುಳು ಆ ಮಿತಿ ದಾಟಿದರೆ ಇಲೆಕ್ಟ್ರಾನ್‌ಗಳು ಪ್ರೋಟಾನ್‌ಗಳೊಳಗೆ ತುರುಕಲ್ಪಟ್ಟು ನ್ಯೂಟ್ರಾನ್‌ಗಳಾಗುತ್ತವೆ. ಹೊರಭಾಗ ಮಹಾಸ್ಫೋಟದಲ್ಲಿ ಸಿಡಿದುಹೋಗುತ್ತದೆ. ಉಳಿಯುವುದೇ ನಮ್ಮ ಠಾಣೆ–ಕಲ್ಯಾಣ ಗೋಳ, ನ್ಯೂಟ್ರಾನ್ ನಕ್ಷತ್ರ. ಅದರ ಒಂದು ಚಮಚ ನೂರು ಕೋಟಿ ಟನ್ನಿಗೂ ಮಿಗಿಲು. (ಇನ್ನೂ ಭಾರವಾದರೆ ಕಪ್ಪುಕುಳಿ, ಅದರ ಕಥೆಯೇ ಬೇರೆ.) ಕೈಚಾಚಿ ಗಿರಗಿರನೆ ತಿರುಗುವಾಗ ಕೈಗಳನ್ನು ಎದೆಗೆ ಸೆಳೆದುಕೊಂಡರೆ ವೇಗ ಹೆಚ್ಚುತ್ತದಲ್ಲವೇ? ಕುಗ್ಗಿದ ನಕ್ಷತ್ರವೂ ಹಾಗೆಯೇ ರಭಸದಿಂದ ತಿರುಗುತ್ತದೆ. ಅದರಿಂದ ಹೊಮ್ಮುವ ರೇಡಿಯೋ ಕಿರಣ ದೀಪಸ್ತಂಭದ ಬೆಳಕಿನಂತೆ ಸುತ್ತುತ್ತ ನಮ್ಮನ್ನು ಮತ್ತೆ ಮತ್ತೆ ತಾಕುತ್ತದೆ. 1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಇಂಥ ಮಿಡಿತವನ್ನು ಮೊದಲು ಗುರುತಿಸಿದರು, 1.33 ಸೆಕೆಂಡಿಗೊಂದು ಮಿಡಿತ. ಹೀಗೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರಕ್ಕೆ ಪಲ್ಸಾರ್ ಎಂದು ಹೆಸರು.

ಈ ಮಿಡಿತಗಳನ್ನು ಆಲಿಸುವ ನಮ್ಮ ದೇಶದ ವಿದ್ಯೆಗೂ ಕಲ್ಯಾಣಕ್ಕೂ ನಂಟಿದೆ. ಅಲ್ಲಿ ದಶಕಗಳಿಂದ ನೆಲೆಸಿದವರಿಗೂ ಬಹುಶಃ ಇದು ತಿಳಿದಿರಲಾರದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ್ ಸ್ವರೂಪ್ ಮತ್ತು ಸಂಗಡಿಗರು 1965ರಲ್ಲಿ ಕಲ್ಯಾಣದ ಬಳಿ ಆರಡಿ ಅಗಲದ 32 ತಟ್ಟೆಗಳ ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದರು. ಆಸ್ಟ್ರೇಲಿಯಾದಿಂದ ದಾನವಾಗಿ ಬಂದಿದ್ದ ತಟ್ಟೆಗಳವು. ಅವು ನೋಡಿದ್ದು ಸೂರ್ಯನನ್ನು ಮಾತ್ರ. ಆದರೆ ಅಲ್ಲಿ ಪಳಗಿದ ತಂಡವೇ ಊಟಿಯ ದೂರದರ್ಶಕವನ್ನು ಕಟ್ಟಿತು. ಅನಂತರ ಸ್ವರೂಪ್ ಅವರ ನೇತೃತ್ವದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವ್ ಸಮೀಪದ ಖೋಡದ್‌ನಲ್ಲಿ, 45 ಮೀಟರ್ ಅಗಲದ 30 ಆಂಟೆನಾಗಳ ಬೃಹತ್ ದೂರದರ್ಶಕ ಮೈದಳೆಯಿತು. ಸೆಕೆಂಡಿಗೆ ಸುಮಾರು 200 ಸಲ ತಿರುಗುವ ಪಲ್ಸಾರ್ ಒಂದನ್ನು ಅದು 2004ರಲ್ಲಿ ಪತ್ತೆಹಚ್ಚಿತು.

ಕಲ್ಯಾಣದಿಂದ ಮುರ್ಬಾಡ್, ಮಾಳ್ಶೇಜ್ ಘಾಟ್ ದಾಟಿ ಆ ಕಡೆಗೆ ಹೋಗಬಹುದು. ಘಾಟ್‌ನಲ್ಲಿ ಮೋಡ ಕವಿದು ಮಳೆ ಸುರಿಯುತ್ತಿದ್ದರೂ ಆ ಆಂಟೆನಾಗಳಿಗೆ ಮಿಡಿತ ಕೇಳಿಸುತ್ತದೆ. ರೇಡಿಯೋ ಅಲೆಗಳಿಗೆ ಮೋಡ ಅಡ್ಡಿಯಲ್ಲ. ಅವುಗಳಿಗೆ ಅಡ್ಡಿಯಾಗುವುದು ಅಪ್ಪನ ಜೇಬಿನಲ್ಲಿರುವ ಮೊಬೈಲು.